ಕುರುಗಡ್ಡಿಯ ಹರಿಗೋಲು: ಒಮ್ಮೆ ದಾಟಿಸಲಿಲ್ಲ, ಒಮ್ಮೆ ದಾಟಿಸಿದರು

ರಾಯಚೂರಿನ ತೀನ್ ಕಂದೀಲ್ ಹತ್ತಿರ ನನ್ನದು ಸಣ್ಣ ಟೈಲರಿಂಗ್ ಅಂಗಡಿ. ಬ್ಲೌಸು, ಲಂಗ, ಮಕ್ಕಳ ಬಟ್ಟೆ ಹೊಲಿಯುತ್ತೇನೆ. 2020ರಲ್ಲಿ ಅರ್ಧಕ್ಕರ್ಧ ಮಾಸ್ಕ್ ಹೊಲಿದದ್ದೇ ಆಯಿತು. ಕುರುವಪುರಕ್ಕೆ ಯಾವ ಕಡೆಯಿಂದ ಹೋಗಬೇಕು, ಯಾರ ದೋಣಿ ಒಳ್ಳೇದು ಅಂತ ಅಂಗಡಿಗೆ ಬರುವವರು ಕೇಳುತ್ತಾನೇ ಇರುತ್ತಾರೆ. 2021ರ ಫೆಬ್ರವರಿ ಕೊನೆಯ ವಾರ ಹೋಗಿ ಬಂದೆ. ನೆನಪು ಹಸಿಯಾಗಿರುವಾಗಲೇ ಬರೆದದ್ದು ಇದು.

ಗೊತ್ತಿಲ್ಲದವರಿಗೆ ಮೊದಲು ಜಾಗ ಹೇಳುತ್ತೇನೆ. ಕುರುವಪುರ ಅಂದರೆ ಕೃಷ್ಣೆಯ ನಡುವಿನ ನಡುಗಡ್ಡೆ. ನಮ್ಮ ಕಡೆ ಕುರುಗಡ್ಡಿ ಅಂತಾರೆ. ಶ್ರೀಪಾದ ಶ್ರೀವಲ್ಲಭರು ತಪಸ್ಸು ಮಾಡಿದ ಜಾಗ. ಅವರನ್ನು ದತ್ತಾತ್ರೇಯರ ಅವತಾರ ಅಂತ ನಂಬುತ್ತೇವೆ. ಗಡ್ಡಿ ನಮ್ಮ ರಾಯಚೂರು ತಾಲ್ಲೂಕಿಗೆ ಸೇರಿದ್ದು. ಈ ಕಡೆ ದಡದಲ್ಲಿ ಆತ್ಕೂರು, ಅದು ಕರ್ನಾಟಕ. ಆ ಕಡೆ ದಡದಲ್ಲಿ ಪಂಚದೇವಪಹಾಡ್, ಅದು ತೆಲಂಗಾಣ. ಆ ಕಡೆಯಿಂದ ದೋಣಿ ಹತ್ತಿದವರು ನೀರಿನ ಮೇಲೆಯೇ ರಾಜ್ಯದ ಗಡಿ ದಾಟುತ್ತಾರೆ. ಅಲ್ಲಿ ಬೋರ್ಡೂ ಇಲ್ಲ, ಗೇಟೂ ಇಲ್ಲ. ಬರೀ ನೀರು.

ಆತ್ಕೂರಿನ ಹರಿಗೋಲಿನವರ ಬಗ್ಗೆ ಹೇಳಬೇಕಾದರೆ ಫೆಬ್ರವರಿಯಿಂದ ಶುರು ಮಾಡಿದರೆ ಆಗಲ್ಲ. 2020ರ ಜೂನ್‌ನಿಂದಲೇ ಹೇಳಬೇಕು.

ನನ್ನ ತಂಗಿಯನ್ನು ತೆಲಂಗಾಣದ ಮಕ್ತಲ್ ಹತ್ತಿರದ ಹಳ್ಳಿಗೆ ಕೊಟ್ಟಿದ್ದೇವೆ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು ಅಂತ ಅವ್ವನ ಆಸೆ. ಮಾರ್ಚ್‌ನಲ್ಲಿ ಕರೆದುಕೊಂಡು ಬರೋಣ ಅಂದುಕೊಂಡಿದ್ದೆವು. ಅಷ್ಟರಲ್ಲಿ ಕೊರೊನಾ ಲಾಕ್‌ಡೌನ್ ಬಂತು. ಮೇ ಮೊದಲ ವಾರದಲ್ಲಿ ರಾಯಚೂರು ಇನ್ನೂ ಕೇಸಿಲ್ಲದ ಹಸಿರು ವಲಯದಲ್ಲಿತ್ತು. ಇನ್ನೇನು ಸರಿಹೋಗುತ್ತೆ ಅಂದುಕೊಂಡೆವು. ಆಮೇಲೆ ಇಲ್ಲೂ ಕೇಸು ಬಂದವು. ಜೂನ್ ಎರಡನೇ ವಾರ ತಂಗಿಗೆ ಗಂಡನ ಮನೆಯಲ್ಲೇ ಗಂಡು ಮಗು ಆಯಿತು. ಅವ್ವ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಆಗಿನ ನಿಯಮ ಹೀಗಿತ್ತು. ಬೇರೆ ರಾಜ್ಯದಿಂದ ಕರ್ನಾಟಕಕ್ಕೆ ಬರುವವರು ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ಹೆಸರು ನೋಂದಾಯಿಸಬೇಕು. ಬಂದ ಮೇಲೆ 14 ದಿನ ಮನೆಯಲ್ಲೇ ಇರಬೇಕು. ತಂಗಿಯ ಊರಿಗೆ ಹೋದರೆ ವಾಪಸ್ ಬರುವಾಗ ನಮಗೂ ಇದೇ. 14 ದಿನ ಅಂಗಡಿ ಮುಚ್ಚಿದರೆ ಬಾಡಿಗೆ ಹೇಗೆ ಕಟ್ಟೋದು ಅಂತ ನನ್ನ ಚಿಂತೆ. ಪಕ್ಕದ ಓಣಿಯವರೊಬ್ಬರು ದಾರಿ ತೋರಿಸಿದರು. ಶಕ್ತಿನಗರದ ಸೇತುವೆ ಮೇಲೆ ಮಾತ್ರ ಚೆಕ್‌ಪೋಸ್ಟ್ ಇದೆ, ಆತ್ಕೂರಿನಿಂದ ಗಡ್ಡಿಗೆ, ಗಡ್ಡಿಯಿಂದ ಪಂಚದೇವಪಹಾಡ್‌ಗೆ ಹರಿಗೋಲಿನಲ್ಲಿ ಹೋಗಿಬಿಡಿ, ಯಾರೂ ಕೇಳಲ್ಲ ಅಂದರು.

ನಾವು ಹೊರಟೇಬಿಟ್ಟೆವು. ಅವ್ವನ ಚೀಲದಲ್ಲಿ ಅಂಟಿನುಂಡಿ, ಒಣ ಕೊಬ್ಬರಿ, ಉತ್ತತ್ತಿ. ನನ್ನ ಕೈಯಲ್ಲಿ ಮಗುವಿಗೆ ಹೊಲಿದ ಕುಂಚಿಗಿ ಮತ್ತು ಹಳೇ ಸೀರೆಯ ಕೌದಿ.

ದಡದಲ್ಲಿ ಒಂದೇ ಹರಿಗೋಲು ಇತ್ತು. ಅಂಬಿಗರ ಅಣ್ಣ ಟವೆಲ್ಲನ್ನು ಮೂಗಿಗೆ ಕಟ್ಟಿಕೊಂಡು ಕೂತಿದ್ದರು. ಎದ್ದು ನಿಂತರು, ಆದರೆ ಹತ್ತಿರ ಬರಲಿಲ್ಲ.

"ಎಲ್ಲಿಗಿ ಹೊಂಟೀರಿ?"

ಅವ್ವ ಸುಳ್ಳು ಹೇಳಲಿಲ್ಲ. "ಮಗಳು ಹಡದಾಳಪ್ಪ. ಆ ಕಡಿ ದಂಡಿಗೆ ಬಿಡು."

"ಇಲ್ರಿ ಅವ್ವಾರ, ಬಿಡಂಗಿಲ್ಲ. ಗಡ್ಡಿ ಮ್ಯಾಲ ಮುದುಕ್ರು ಅದಾರ, ಸಣ್ಣ ಹುಡುಗ್ರು ಅದಾವ. ಯಾರಿಗರ ಜ್ವರ ಬಂತಂದ್ರ ಇದ ಹರಗೋಲಾಗ ಹಾಕ್ಕೊಂಡು ನಾನ ತರಬೇಕು. ಹೊಳಿ ಬಂದ್ರ ಅದೂ ಆಗಂಗಿಲ್ಲ."

ನಾನು 500 ರೂಪಾಯಿ ಕೊಡುತ್ತೇನೆ ಅಂದೆ. ಆ ಹೊತ್ತಿನಲ್ಲಿ ಅವರಿಗೆ ದುಡಿಮೆಯೇ ಇರಲಿಲ್ಲ. ಮೂರು ತಿಂಗಳಿಂದ ಭಕ್ತರು ಬಂದಿರಲಿಲ್ಲ. ಆದರೂ ನೋಟಿನ ಕಡೆ ನೋಡಲೂ ಇಲ್ಲ.

"ಸೇತುವಿ ಮ್ಯಾಲ ಹೋಗ್ರಿ ಅಕ್ಕಾರ. ಹೆಸರು ಬರಸ್ರಿ. ಬಂದು ಹದಿನಾಲ್ಕ ದಿನ ಮನ್ಯಾಗ ಇರ್ರಿ. ಕೂಸು ಎಲ್ಲಿಗೂ ಹೋಗಂಗಿಲ್ಲ."

ಅವ್ವ ಅಲ್ಲೇ ಕಣ್ಣೀರು ಹಾಕಿದಳು. ನನಗೆ ಸಿಟ್ಟು ಬಂತು. ದಾರಿಯುದ್ದಕ್ಕೂ ಆ ಅಣ್ಣನನ್ನು ಬೈದುಕೊಂಡೇ ಬಂದೆ.

ಆಮೇಲೆ ಅವರು ಹೇಳಿದಂತೆಯೇ ಹೋದೆವು. ಬಾಡಿಗೆ ಕಾರು ಮಾಡಿಕೊಂಡು, ನಿಜಾಮರ ಕಾಲದ ಆ ಹಳೇ ಸೇತುವೆ ಮೇಲೆ. ವಾಪಸ್ ಬರುವಾಗ ಚೆಕ್‌ಪೋಸ್ಟ್‌ನಲ್ಲಿ ಜ್ವರ ನೋಡಿದರು, ಮೊಬೈಲಿನಲ್ಲಿದ್ದ ಅರ್ಜಿ ನೋಡಿದರು, ಕೈ ಮೇಲೆ ಮುದ್ರೆ ಒತ್ತಿದರು. ಮನೆ ಬಾಗಿಲಿಗೆ ಚೀಟಿ ಅಂಟಿತು. ಕ್ವಾರಂಟೈನ್ ವಾಚ್ ಆ್ಯಪ್‌ನಲ್ಲಿ ಮನೆಯಲ್ಲೇ ಇದ್ದೀವಿ ಅಂತ ಸೆಲ್ಫಿ ಕಳಿಸುತ್ತಿದ್ದೆ. ಮಷಿನನ್ನು ಮನೆಗೆ ತರಿಸಿಕೊಂಡಿದ್ದೆ, ಆದರೆ ನಾವು ಹೊಲಿದದ್ದನ್ನು ಮುಟ್ಟಲು ಜನ ಹೆದರುತ್ತಿದ್ದರು. ಕಷ್ಟದ 14 ದಿನ. ಮುಗಿದವು.

ಆಗಸ್ಟ್‌ನಲ್ಲಿ ಆ ಸುದ್ದಿ ಬಂತು. ಪಂಚದೇವಪಹಾಡ್‌ ಕಡೆಗೆ ಓಡಾಡುವ ನಡುಗಡ್ಡೆಯೊಂದರ ಜನರಿದ್ದ ಒಂದು ಹರಿಗೋಲು ಇದೇ ಕೃಷ್ಣೆಯಲ್ಲಿ ಮಗುಚಿತ್ತು. ಅದರಲ್ಲಿದ್ದವರು 13 ಜನ. ನಾಲ್ವರು ಕೊಚ್ಚಿಹೋದರು. ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟರೆ ಇಲ್ಲಿ ಹೊಳೆ ಏರುತ್ತೆ. ಮೇಲೆಯೇ ಭೀಮೆಯೂ ಸೇರಿರುತ್ತೆ. ಎರಡು ನದಿಯ ನೀರು ಒಟ್ಟಿಗೇ ಬರೋದು. ಟಿವಿಯಲ್ಲಿ ಸುದ್ದಿ ನೋಡಿ ಅವ್ವ ಮೊದಲು ಕೇಳಿದ್ದು, "ನಮ್ಮನ್ನ ವಾಪಸ್ ಕಳಿಸಿದ್ನಲ್ಲ, ಆ ಹುಡುಗ ಆರಾಮ ಅದಾನಾ?" ಅಂತ. ಅದು ಬೇರೆಯವರ ಹರಿಗೋಲು. ಆದರೆ ಆ ಪ್ರಶ್ನೆ ನನ್ನೊಳಗೆ ಉಳಿಯಿತು.

ಆಗಸ್ಟ್ 24ಕ್ಕೆ ನಮ್ಮ ಸರ್ಕಾರ ಸೇವಾ ಸಿಂಧು ನೋಂದಣಿ, ಕೈ ಮುದ್ರೆ, 14 ದಿನದ ಕ್ವಾರಂಟೈನ್ ಎಲ್ಲ ತೆಗೆಯಿತು.

ಈಗ ಫೆಬ್ರವರಿಗೆ ಬರುತ್ತೇನೆ. ತಂಗಿಯ ಮಗನಿಗೆ ಒಂಬತ್ತನೇ ತಿಂಗಳು. ಜಾವಳ ತೆಗೆಸೋದು ಕುರುಗಡ್ಡಿಯಲ್ಲೇ ಅಂತ ಅವ್ವನ ಹರಕೆ. ಅವರು ಆ ದಡದಿಂದ ಬರೋದು, ನಾವು ಈ ದಡದಿಂದ ಹೋಗೋದು, ಗಡ್ಡಿಯ ಮೇಲೆ ಸೇರೋದು ಅಂತ ಮಾತಾಯಿತು. ಹಾಗಾಗಿ ಎರಡೂ ಕಡೆಯ ದೋಣಿ ಹೇಗಿವೆ ಅಂತ ಒಂದೇ ದಿನ ಗೊತ್ತಾಯಿತು.

ಆತ್ಕೂರಿನ ಕಡೆ ಅದೇ ಅಣ್ಣ ಇದ್ದರು. ನಮ್ಮ ಗುರುತು ಸಿಗಲಿಲ್ಲ. ಅವ್ವನೇ ನೆನಪಿಸಿದಳು. ಅವರು ನಕ್ಕು, "ಕೂಸು ಹೆಂಗದರೀ?" ಅಂದರು. ಅಷ್ಟೇ.

ಹರಿಗೋಲು ಚೆನ್ನಾಗಿದೆ. ನಾನು ಹೊಲಿಗೆಯವಳು, ನನ್ನ ಕಣ್ಣು ಮೊದಲು ಅಂಚಿಗೇ ಹೋಗುತ್ತೆ. ಬಿದಿರಿನ ಹೆಣಿಗೆ ಬಿಗಿ ಇದೆ, ಅಂಚಿನಲ್ಲಿ ಎಲ್ಲೂ ಸಡಿಲ ಇಲ್ಲ. ಹಿಂದೆ ಹೊರಗಡೆ ಚರ್ಮ ಹೊದಿಸುತ್ತಿದ್ದರು. ಈಗ ದಪ್ಪ ಪ್ಲಾಸ್ಟಿಕ್ ಹೊದಿಸಿ ಮೇಲೆ ಡಾಂಬರು ಬಳಿಯುತ್ತಾರೆ. ಈ ಹರಿಗೋಲಿನ ಡಾಂಬರು ಹೊಸದು, ಒಳಗೆ ಒಂದು ಹನಿ ನೀರಿರಲಿಲ್ಲ. ಕೂರಲು ಗೋಣಿಚೀಲ ಹಾಸಿದ್ದರು.

ಅವರ ನಿಯಮ ಅವರದೇ. ಹರಿಗೋಲಿಗೆ ಆರು ಜನ, ಏಳನೆಯವರು ಕಾಯಬೇಕು. ದುಂಡಗೆ ಕೂರಿಸುತ್ತಾರೆ, ದಪ್ಪನೆಯವರನ್ನು ಒಬ್ಬರ ಎದುರು ಒಬ್ಬರನ್ನು. ಯಾರೂ ಏಳುವಂತಿಲ್ಲ, ಫೋಟೋಗೆ ಅಂತಲೂ ಏಳುವಂತಿಲ್ಲ. ಆಗ ಮಾಸ್ಕ್ ಇಲ್ಲದಿದ್ದರೆ ಹತ್ತಿಸುತ್ತಿರಲಿಲ್ಲ. ನಮ್ಮ ಜೊತೆ ಸೋಲಾಪುರದ ಇಬ್ಬರು ಹಿರಿಯರು ಇದ್ದರು. ಆ ತಿಂಗಳು ಮಹಾರಾಷ್ಟ್ರ, ಕೇರಳದಿಂದ ಬರುವವರಿಗೆ 72 ಗಂಟೆಯೊಳಗಿನ ಕೊರೊನಾ ಪರೀಕ್ಷೆಯ ಆರ್‌ಟಿಪಿಸಿಆರ್ ರಿಪೋರ್ಟ್ ಬೇಕು ಅಂತ ನಿಯಮ ಬಂದಿತ್ತು. ಅಣ್ಣ ಕೇಳಿದರು. ಅವರು ಚೀಲದಿಂದ ತೆಗೆದು ತೋರಿಸಿದರು. ಅಣ್ಣನಿಗೆ ಇಂಗ್ಲಿಷ್ ಓದಲು ಬರಲ್ಲ. ನನ್ನ ಕೈಗೆ ಕೊಟ್ಟು, "ತಾರೀಕು ನೋಡ್ರಿ ಅಕ್ಕಾರ" ಅಂದರು. ನೋಡಿ ಹೇಳಿದೆ. ಆ ಹಿರಿಯರೂ ಬೇಜಾರು ಮಾಡಿಕೊಳ್ಳಲಿಲ್ಲ. ಆ ದಡದಲ್ಲಿ ಒಬ್ಬ ಪೊಲೀಸೂ ಇರಲಿಲ್ಲ. ಕೇಳದಿದ್ದರೆ ಅಣ್ಣನನ್ನು ಯಾರೂ ಹಿಡಿಯುತ್ತಿರಲಿಲ್ಲ. ಇದನ್ನು ನಾನು ದೊಡ್ಡ ಮಾತು ಅಂದುಕೊಳ್ಳುತ್ತೇನೆ.

ಹುಟ್ಟು ಹಾಕುವ ರೀತಿ ನಿಧಾನ. ಬೇರೆ ಕಡೆ ಮಜಾ ಕೊಡಲು ಹರಿಗೋಲನ್ನು ಗರಗರ ತಿರುಗಿಸುತ್ತಾರೆ. ಇವರು ಮಾಡಲ್ಲ. ಸೋಲಾಪುರದವರು ಕೇಳಿದರೂ ಮಾಡಲಿಲ್ಲ. ಹೋಗಿ ಬರಲು ಒಬ್ಬರಿಗೆ 100 ರೂಪಾಯಿ ಕೊಟ್ಟೆವು. ಹತ್ತುವ ಮುಂಚೆ ಎಷ್ಟು ಹೇಳಿದ್ದರೋ ವಾಪಸ್ ಬಂದ ಮೇಲೂ ಅಷ್ಟೇ ತೆಗೆದುಕೊಂಡರು.

ಕೊರತೆಯೂ ಇದೆ. ದಡದಲ್ಲಿ ಮೆಟ್ಟಿಲಿಲ್ಲ. ಮಂಡಿನೋವಿನ ಅವ್ವನನ್ನು ಇಬ್ಬರು ಹಿಡಿದು ಹತ್ತಿಸಬೇಕಾಯಿತು. ಮಕ್ಕಳ ಅಳತೆಯ ಲೈಫ್ ಜಾಕೆಟ್ ಒಂದೂ ಇಲ್ಲ. ದೊಡ್ಡವರದು ಆರು ಇವೆ. ಅದರಲ್ಲಿ ಎರಡರ ಬೆಲ್ಟ್ ಹೊಲಿಗೆ ಬಿಟ್ಟಿತ್ತು. ಬಕಲ್ ಹಾಕಿ ಎಳೆದರೆ ಬೆಲ್ಟೇ ಕೈಗೆ ಬರುತ್ತಿತ್ತು. ತೋರಿಸಿದೆ. ಅಣ್ಣ ತಕ್ಷಣ ಆ ಎರಡನ್ನೂ ಪಕ್ಕಕ್ಕಿಟ್ಟು, ಆ ಸಲ ನಾಲ್ವರನ್ನೇ ಹತ್ತಿಸಿದರು. ಇಬ್ಬರ ದುಡ್ಡು ಹೋಯಿತು ಅಂತ ಮುಖ ಸಣ್ಣದು ಮಾಡಲಿಲ್ಲ.

ಇನ್ನು ಆ ದಡ. ಅಲ್ಲಿ ಒಳ್ಳೇ ದೋಣಿಯವರೂ ಇರಬಹುದು. ತಂಗಿಗೆ ಸಿಕ್ಕಿದ್ದು ಮಾತ್ರ ಸರಿ ಇರಲಿಲ್ಲ. ಮೋಟಾರ್ ದೋಣಿ, ಬೇಗ ಮುಟ್ಟಿಸುತ್ತೆ ನಿಜ. ಆದರೆ ಜನರನ್ನು ತುಂಬಿದ್ದಕ್ಕೆ ಲೆಕ್ಕವೇ ಇಲ್ಲ. ನಾನು ಗಡ್ಡಿಯ ಕಲ್ಲಿನ ಮೇಲೆ ನಿಂತು ನೋಡುತ್ತಿದ್ದೆ. ದೋಣಿಯ ಅಂಚು ನೀರಿಗೆ ಒಂದು ಗೇಣೂ ಎತ್ತರ ಇರಲಿಲ್ಲ. ಒಬ್ಬರ ಮೈ ಮೇಲೂ ಜಾಕೆಟ್ ಇಲ್ಲ. ಮಾಸ್ಕ್ ಗದ್ದದ ಮೇಲೆ. ಮಹಾರಾಷ್ಟ್ರದ ಒಂದು ದೊಡ್ಡ ಗುಂಪು ಅದರಲ್ಲಿತ್ತು. ಯಾರನ್ನೂ ಏನೂ ಕೇಳಲಿಲ್ಲ ಅಂತ ತಂಗಿ ಹೇಳಿದಳು. ಅವಳ ತೊಡೆಯ ಮೇಲೆ ಮಗು. ದೋಣಿ ದಡ ಮುಟ್ಟುವ ತನಕ ನನ್ನ ಜೀವ ಜೀವದಲ್ಲಿರಲಿಲ್ಲ. ಇಳಿದ ಮೇಲೆ ಹೇಳಿದ್ದಕ್ಕಿಂತ ಜಾಸ್ತಿ ದುಡ್ಡೂ ಕೇಳಿದರು, ಮಗುವಿಗೂ ಸೇರಿಸಿ. ಭಾವ ಜಗಳ ಬೇಡ ಅಂತ ಕೊಟ್ಟುಬಿಟ್ಟರು. ನಾನಾಗಿದ್ದರೆ ಕೊಡುತ್ತಿರಲಿಲ್ಲ.

ಗುಡಿಯ ಬಗ್ಗೆ ಜಾಸ್ತಿ ಬರೆಯಲ್ಲ, ಅದನ್ನು ಹೋಗಿಯೇ ನೋಡಬೇಕು. ದೊಡ್ಡ ಆಲದ ಮರ ಇದೆ, ದತ್ತಭಕ್ತ ಸಂತರಾದ ಟೆಂಬೆ ಸ್ವಾಮಿಗಳು ಕೂತಿದ್ದ ಗವಿ ಇದೆ. ಮೊದಲೇ ಫೋನ್ ಮಾಡಿ ಹೇಳಿದರೆ ಪೂಜಾರಿಗಳ ಮನೆಯಲ್ಲಿ ಊಟ ಸಿಗುತ್ತೆ. ಅವ್ವ ಮೊಮ್ಮಗನನ್ನು ಆಲದ ಕೆಳಗೆ ನಾನು ಹೊಲಿದಿದ್ದ ಅದೇ ಕೌದಿಯ ಮೇಲೆ ಮಲಗಿಸಿದ್ದಳು. ಬೋಳು ತಲೆಗೆ ಗಂಧ ಹಚ್ಚಿತ್ತು. ಒಂಬತ್ತು ತಿಂಗಳಲ್ಲಿ ಅವನನ್ನು ನಾವು ನೋಡಿದ್ದು ಅದು ಮೂರನೇ ಸಲ.

ವಾಪಸ್ ಹೋಗುವಾಗ ತಂಗಿಯನ್ನು ಆ ಮೋಟಾರ್ ದೋಣಿಗೆ ಹತ್ತಿಸಲು ನನಗೆ ಮನಸ್ಸಾಗಲಿಲ್ಲ. ಅಣ್ಣನನ್ನು ಕೇಳಿದೆ. ಈಗ ಆ 14 ದಿನದ ನಿಯಮ ಇಲ್ಲ, ದಾಟಿಸಬಹುದಲ್ವಾ ಅಂದೆ. ಹೊಳೆ ಕಡೆ ಒಮ್ಮೆ ನೋಡಿದರು, ಗಾಳಿ ನೋಡಿದರು, "ಹತ್ರಿ" ಅಂದರು. ಮಗುವಿಗೆ ಜಾಕೆಟ್ ಇಲ್ಲ ಅಂತ ತಂಗಿ, ಭಾವ, ಮಗು, ನಾನು, ಇಷ್ಟೇ ಜನ. ಹೊಳೆಯ ನಡುವೆ ಹೋದಾಗ, "ಇಲ್ಲಿಂದ ತೆಲಂಗಾಣಾ ನೋಡ್ರಿ" ಅಂದರು. ನೀರು ಮೊದಲಿನಂತೆಯೇ ಇತ್ತು. ಮಗು ನಿದ್ದೆ ಮಾಡುತ್ತಿತ್ತು.

ಹೋಗುವವರಿಗೆ ನಾಲ್ಕು ಮಾತು. ನಾವು ಗುರುವಾರ ಹೋಗಿ ತಪ್ಪು ಮಾಡಿದೆವು, ದತ್ತನ ವಾರ ಅಂತ ಜನ ಜಾಸ್ತಿ. ಬೇರೆ ದಿನ ಹೋಗಿ. ಆತ್ಕೂರಿಗೆ ಬೆಳಗಿನ ಬಸ್ಸಿಗೇ ಹೊರಡಿ. ಮಳೆಗಾಲದಲ್ಲಿ ನಾರಾಯಣಪುರದಿಂದ ನೀರು ಬಿಟ್ಟಿದ್ದಾರಾ ಅಂತ ಪೇಪರಿನಲ್ಲಿ ನೋಡದೆ ಮನೆ ಬಿಡಬೇಡಿ. ದೋಣಿಯವರು ಇವತ್ತು ಆಗಲ್ಲ ಅಂದರೆ ಒತ್ತಾಯ ಮಾಡಬೇಡಿ. ಜಾಕೆಟ್ ಹಾಕುವ ಮುಂಚೆ ಬೆಲ್ಟನ್ನು ಒಮ್ಮೆ ಜೋರಾಗಿ ಎಳೆದು ನೋಡಿ.

ಹೊಲಿಗೆ ಬಿಟ್ಟ ಆ ಎರಡು ಜಾಕೆಟ್ ಈಗ ನನ್ನ ಮಷಿನ್ ಪಕ್ಕದಲ್ಲಿವೆ. ಅಣ್ಣನನ್ನು ಕೇಳಿ ತಂದೆ. ಮಾಮೂಲಿ ದಾರ ನೀರಿಗೆ ತಡೆಯಲ್ಲ, ನೈಲಾನ್ ದಾರ ತರಿಸಿದ್ದೇನೆ. ಬೆಲ್ಟ್ ಕೂರುವ ಕಡೆ ಚೌಕ ಹೊಲಿದು ಒಳಗೆ ಅಡ್ಡಡ್ಡ ಎರಡು ಸಾಲು ಹಾಕಬೇಕು. ಈ ಶನಿವಾರ ಮುಗಿಸಿ ಆತ್ಕೂರಿನ ಬಸ್ಸಿಗೆ ಕಳಿಸುತ್ತೇನೆ.