ಕಾಂಡಿಮೆಂಟ್ಸ್ ಅಂಗಡಿಗೆ ಬ್ರ್ಯಾಂಡಿಂಗ್ ಮಾಡಿಸಿದ ಮೇಲೆ: ಏನು ಬಾಳಿಕೆ ಬಂತು, ಎಲ್ಲಿ ಕೈಕೊಟ್ಟಿತು

ಬೆಂಗಳೂರಿನ ಹನುಮಂತನಗರದ ಹತ್ತಿರ ನಮ್ಮದೊಂದು ಕಾಂಡಿಮೆಂಟ್ಸ್ ಅಂಗಡಿ ಇದೆ. ಸಾರಿನ ಪುಡಿ, ಹುಳಿ ಪುಡಿ, ಚಟ್ನಿ ಪುಡಿ, ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು. ಸಂಕ್ರಾಂತಿ ಬಂದರೆ ಎಳ್ಳು ಬೆಲ್ಲ, ಸಕ್ಕರೆ ಅಚ್ಚು. ಅಮ್ಮ ಮನೆಯಲ್ಲೇ ಪುಡಿ ಮಾಡಿ ಮಾರಲು ಶುರು ಮಾಡಿದ್ದು, ಈಗ ನಾನೂ ನನ್ನ ತಮ್ಮನೂ ನೋಡಿಕೊಳ್ಳುತ್ತೇವೆ. 2022ರಲ್ಲಿ ಒಂದು ಸಣ್ಣ ಡಿಸೈನ್ ಸ್ಟುಡಿಯೋಗೆ ಅಂಗಡಿಯ ಪೂರ್ತಿ ಬ್ರ್ಯಾಂಡಿಂಗ್ ಒಪ್ಪಿಸಿದೆವು. ಲೋಗೋ, ಬೋರ್ಡು, ಪೌಚು, ಲೇಬಲ್ಲು, ಚೀಲ, ಎಲ್ಲ. 2025ರಲ್ಲಿ ಅವರಿಂದಲೇ ಅದನ್ನು ಸ್ವಲ್ಪ ತಿದ್ದಿಸಿಕೊಂಡೆವು. ಸ್ಟುಡಿಯೋ ಹೆಸರು ಹಾಕುತ್ತಿಲ್ಲ. ಇಂಥ ನಾಲ್ಕೈದು ಜನರ ಸ್ಟುಡಿಯೋಗಳು ಬೆಂಗಳೂರಲ್ಲಿ ಬೇಕಾದಷ್ಟಿವೆ, ಎಲ್ಲರ ಪ್ಯಾಕೇಜೂ ಹೆಚ್ಚುಕಡಿಮೆ ಇದೇ ಥರ. ಅದನ್ನು ವರ್ಷಗಟ್ಟಲೆ ಬಳಸಿದ ಮೇಲೆ ನನಗೆ ಅನಿಸಿದ್ದನ್ನು ಬರೆಯುತ್ತಿದ್ದೇನೆ.

ಖರ್ಚು ಮೊದಲೇ ಹೇಳಿಬಿಡುತ್ತೇನೆ. ಡಿಸೈನ್‌ಗೆ ಲಕ್ಷದ ಆಸುಪಾಸು, ಅದರ ಮೇಲೆ 18% ಜಿಎಸ್‌ಟಿ. ಪ್ರಿಂಟಿಂಗು, ಬೋರ್ಡು, ಟ್ರೇಡ್‌ಮಾರ್ಕು ಎಲ್ಲ ಬೇರೆ. ನಮ್ಮಂಥ ಅಂಗಡಿಗೆ ಇದು ಸಣ್ಣ ಮೊತ್ತ ಅಲ್ಲ. ಹಾಗಾಗಿ ಬೋರ್ಡ್ ಹಾಕಿದ ದಿನ ನಾಲ್ಕು ಜನ ಚೆನ್ನಾಗಿದೆ ಅಂದರೆ ಸಾಲದು. ಸ್ಟುಡಿಯೋದವರು ಹೊರಟುಹೋದ ಮೇಲೂ ಅವರು ಕೊಟ್ಟದ್ದನ್ನು ಹಿಡಿದುಕೊಂಡು ನಾವೇ ಕೆಲಸ ಮಾಡಿಕೊಳ್ಳಲು ಆಗುತ್ತಾ? ನಾನು ನೋಡಿದ್ದು ಅದನ್ನೇ.

ಶುರುವಿನ ಕೆಲಸ ತುಂಬಾ ಚೆನ್ನಾಗಿತ್ತು. ಕಂಪ್ಯೂಟರ್ ಮುಂದೆ ಕೂರುವ ಮುಂಚೆ ಡಿಸೈನರ್ ಹುಡುಗಿ ಬಂದು ಗಲ್ಲಾಪೆಟ್ಟಿಗೆ ಪಕ್ಕ ಸ್ಟೂಲ್ ಹಾಕಿಕೊಂಡು ಕೂತಳು. ಯಾರು ಏನು ಕೇಳುತ್ತಾರೆ ಅಂತ ಸುಮ್ನೆ ಬರೆದುಕೊಳ್ಳುತ್ತಿದ್ದಳು. ನಮ್ಮ ಹಳೆ ಗಿರಾಕಿಗಳಲ್ಲಿ ಜಾಸ್ತಿ ಜನ ಅಂಗಡಿ ಹೆಸರನ್ನೇ ಹೇಳುವುದಿಲ್ಲ, "ಹಳದಿ ಪೊಟ್ಟಣದ ಸಾರಿನ ಪುಡಿ ಕೊಡಿ" ಅನ್ನುತ್ತಾರೆ. ಇಷ್ಟು ವರ್ಷ ಗಲ್ಲಾದಲ್ಲಿ ಕೂತವರು ನಾವು, ಅದರ ಬೆಲೆ ಹೊರಗಿನವಳ ಕಣ್ಣಿಗೆ ಬಿತ್ತು.

ಆದರೂ ಸ್ಟುಡಿಯೋದ ಮೊದಲ ಡ್ರಾಫ್ಟ್ ಹಸಿರು ಮತ್ತು ಚಿನ್ನದ ಬಣ್ಣದಲ್ಲಿ ಬಂತು, ಹೆಸರು ದೊಡ್ಡದಾಗಿ ಇಂಗ್ಲಿಷ್‌ನಲ್ಲಿ. ನೋಡೋಕೆ ಲಕ್ಷಣವಾಗಿತ್ತು. ಆದರೆ ಯಾವುದೋ ಆಯುರ್ವೇದದ ಅಂಗಡಿ ಇದ್ದ ಹಾಗಿತ್ತು. ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದ್ದೆವು. ದಿನಾ ಬರುವ ಒಬ್ಬರು ಅಜ್ಜಿ ನೋಡಿ, "ಏನಮ್ಮಾ, ಅಂಗಡಿ ಬೇರೆಯವರಿಗೆ ಕೊಟ್ಟುಬಿಟ್ರಾ?" ಅಂದರು. ಡಿಸೈನರ್ ಅಲ್ಲೇ ಇದ್ದಳು. ಒಂದು ಮಾತೂ ವಾದ ಮಾಡಲಿಲ್ಲ, ಆ ಡ್ರಾಫ್ಟ್ ಬಿಟ್ಟು ಹಳದಿಗೆ ವಾಪಸ್ ಬಂದಳು. ಅಮ್ಮ ಮೊದಲಿನಿಂದಲೂ ಹೇಳುತ್ತಿದ್ದುದೂ ಅದನ್ನೇ. ಮೈಸೂರ್ ಸ್ಯಾಂಡಲ್ ಸೋಪು ನೋಡು, 1916ರಲ್ಲಿ ಶುರುವಾದ ಕಾರ್ಖಾನೆಯದು, ಆನೆ ತಲೆ ಸಿಂಹದ ಮೈ ಇರುವ ಆ ಶರಭ ಇವತ್ತಿಗೂ ಹಾಗೇ ಇದೆ, ಓದೋಕೆ ಬಾರದವರೂ ಗುರುತು ಹಿಡಿಯುತ್ತಾರೆ ಅಂತ. ಇರುವ ಗುರುತನ್ನು ಉಳಿಸಿಕೊಂಡು ಚೊಕ್ಕ ಮಾಡುವುದು ಹೊಸದು ಬರೆಯುವುದಕ್ಕಿಂತ ಕಷ್ಟದ ಕೆಲಸ ಅಂತ ನನಗೆ ಅನಿಸಿದ್ದು ಆಗ.

ಅಕ್ಷರದ ಕೆಲಸಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ. ನಮ್ಮ ಹೆಸರು 'ಶ್ರೀ'ಯಿಂದ ಶುರುವಾಗುತ್ತದೆ. ಕೆಳಗೆ ಇಳಿಯುವ ಒತ್ತು, ಬಲಕ್ಕೆ ಚಾಚುವ ದೀರ್ಘ. ಇಂಗ್ಲಿಷ್ ಅಕ್ಷರಕ್ಕೆ ಬಿಡುವಷ್ಟೇ ಜಾಗ ಬಿಟ್ಟರೆ ಒತ್ತು ಹೋಗಿ ಕೆಳಗಿನ ಸಾಲಿಗೆ ತಾಗುತ್ತದೆ. ಅಕ್ಷರ ಚಿಕ್ಕದಾದರೆ ಶಾಯಿ ಹರಡಿ ಸುಳಿಗಳೆಲ್ಲ ಮುಚ್ಚಿಕೊಂಡು ಕಪ್ಪು ಚುಕ್ಕೆ ಥರ ಕಾಣುತ್ತವೆ. ಇವರು ಹೆಸರನ್ನು ಕೈಯಲ್ಲೇ ಬರೆದು, ಸಣ್ಣ ಪೌಚಿಗೆ ಅಂತಲೇ ಸುಳಿ ಅಗಲ ಮಾಡಿದ ಇನ್ನೊಂದು ರೂಪ ಕೊಟ್ಟರು. 50 ಗ್ರಾಂ ಚಟ್ನಿ ಪುಡಿ ಪೌಚಿನ ಮೇಲೂ ಹೆಸರು ಸ್ಪಷ್ಟವಾಗಿ ಓದಬಹುದು. ಉಳಿದ ಬರಹಕ್ಕೆ ಅನೇಕ್ ಕನ್ನಡ ಫಾಂಟ್ ಆರಿಸಿದರು. ಅದು ಗೂಗಲ್ ಫಾಂಟ್ಸ್‌ನಲ್ಲಿ ಮುಕ್ತ ಲೈಸೆನ್ಸಿನಲ್ಲಿ ಸಿಗುತ್ತದೆ, ವ್ಯಾಪಾರಕ್ಕೆ ಬಳಸಿದರೂ ದುಡ್ಡಿಲ್ಲ. ದಪ್ಪ ತೆಳುವಿನ ಎಲ್ಲ ಅಳತೆಗಳೂ ಇವೆ. ತಮ್ಮ ಈಗ ರೇಟ್ ಪಟ್ಟಿಯನ್ನು ಅದರಲ್ಲೇ ಮಾಡುತ್ತಾನೆ.

ಬೋರ್ಡಿನಲ್ಲಿ ಕನ್ನಡ ಮೇಲೆ ದೊಡ್ಡದಾಗಿ, ಇಂಗ್ಲಿಷ್ ಕೆಳಗೆ ಚಿಕ್ಕದಾಗಿ ಇಟ್ಟಿದ್ದರು. 2024ರ ಫೆಬ್ರವರಿಯಲ್ಲಿ ನಾಮಫಲಕದಲ್ಲಿ 60% ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲೇ ಇರಬೇಕು ಅನ್ನುವ ನಿಯಮದ ಗಡುವು ಬಂದಾಗ ನಮ್ಮ ಬೀದಿಯಲ್ಲಿ ಎಷ್ಟೋ ಜನ ಇಂಗ್ಲಿಷ್ ಬೋರ್ಡಿಗೆ ಬಟ್ಟೆ ಕಟ್ಟಿ, ಅವಸರಕ್ಕೆ ಫ್ಲೆಕ್ಸ್ ಹಾಕಿಸಿದರು. ನಾವು ಒಂದು ಮೊಳೆಯನ್ನೂ ಅಲುಗಾಡಿಸಲಿಲ್ಲ.

ಪ್ರಿಂಟಿಂಗ್ ವಿಷಯದಲ್ಲಿ ಮಾತ್ರ ಸ್ಟುಡಿಯೋ ನಮ್ಮನ್ನು ನಡುನೀರಿನಲ್ಲಿ ಬಿಟ್ಟಿತು. ಕಂದು ಬಣ್ಣದ ಕ್ರಾಫ್ಟ್ ಪೇಪರ್ ಪೌಚು ಅವರದೇ ಸಲಹೆ. ಪರದೆ ಮೇಲೆ ಹಳದಿ ಬಂಗಾರದ ಹಾಗೆ ಹೊಳೆಯುತ್ತಿತ್ತು. ಅಚ್ಚಾಗಿ ಬಂದಾಗ ಮಂಕಾದ ಸಾಸಿವೆ ಬಣ್ಣ. ಹಳದಿ ಶಾಯಿ ಪಾರದರ್ಶಕ. ಕಂದು ಕಾಗದದ ಮೇಲೆ ನೇರವಾಗಿ ಬಿದ್ದರೆ ಕಾಗದದ ಬಣ್ಣವೇ ಮೇಲೆ ಬರುತ್ತದೆ. ಕೆಳಗೆ ಬಿಳಿ ಶಾಯಿಯ ಒಂದು ಪದರ ಹಾಕಬೇಕು, ಅದಕ್ಕೆ ಖರ್ಚೂ ಜಾಸ್ತಿ. ಇದನ್ನು ನಮಗೆ ಹೇಳಿದ್ದು ಸುಲ್ತಾನ್‌ಪೇಟೆಯ ಪ್ರಿಂಟರ್, ಅದೂ ಮೊದಲ ಲಾಟ್ ಹೊರಗೆ ಬಂದ ಮೇಲೆ. ಲಕ್ಷ ತೆಗೆದುಕೊಂಡ ಸ್ಟುಡಿಯೋಗೆ ಇಷ್ಟು ಗೊತ್ತಿರಬೇಕಲ್ವಾ?

ಇನ್ನೊಂದು ಸಲ ಫಾಂಟ್ ಜೊತೆಗಿಡದೆ, ಅಕ್ಷರಗಳನ್ನು ಕರ್ವ್ ಮಾಡದೆ, ಅಂದರೆ ಫಾಂಟ್ ಇಲ್ಲದಿದ್ದರೂ ಹಾಗೇ ಕಾಣುವ ಚಿತ್ರದ ಗೆರೆಗಳಾಗಿ ಬದಲಿಸದೆ, ಫೈಲ್ ಕಳಿಸಿದ್ದರು. ಪ್ರಿಂಟರ್ ಕಂಪ್ಯೂಟರ್‌ನಲ್ಲಿ ಒತ್ತಕ್ಷರ ಎಲ್ಲ ಕಿತ್ತುಹೋಗಿ 'ಚಕ್ಕುಲಿ' ಅನ್ನುವುದು 'ಚಕ್‌ಕುಲಿ' ಆಗಿ ಕೂತಿತ್ತು. ಪುಣ್ಯಕ್ಕೆ ಅಲ್ಲಿನ ಹುಡುಗ ಕನ್ನಡದವನು, ಮೆಷಿನ್ ಹತ್ತಿಸುವ ಮುಂಚೆ ಫೋಟೋ ಕಳಿಸಿ "ಅಕ್ಕಾ, ಹಿಂಗೇ ಇರಬೇಕಾ?" ಅಂತ ಕೇಳಿದ. ಕನ್ನಡದಲ್ಲಿ ಪ್ಯಾಕೆಟ್ ಮಾಡಿಸುವವರು ಪ್ರಿಂಟಿಗೆ ಹೋಗುವ ಪಿಡಿಎಫ್‌ನಲ್ಲಿ ಅಕ್ಷರಗಳು ಕರ್ವ್ ಆಗಿವೆಯೇ ಅಂತ ಕೇಳಿಯೇ ಕೇಳಬೇಕು.

ಲೇಬಲ್ಲಿನ ಹಿಂಭಾಗ ಯಾರೂ ಮಾತಾಡದ ಜಾಗ. ಆದರೆ ನಮಗೆ ದುಡ್ಡು ಉಳಿಸಿದ್ದು ಅದೇ. ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್‌ಎಸ್‌ಎಸ್‌ಎಐ ಸಂಸ್ಥೆಯ ಗುರುತು ಮತ್ತು 14 ಅಂಕಿಯ ಲೈಸೆನ್ಸ್ ನಂಬರ್, ಚೌಕದೊಳಗಿನ ಹಸಿರು ಚುಕ್ಕೆ, ತೂಕ, ಎಂಆರ್‌ಪಿ, ಗ್ರಾಂಗೆ ಎಷ್ಟು ಅನ್ನುವ ದರ, ತಯಾರಿಸಿದ ತಾರೀಕು, ಇವೆಲ್ಲ ಇರಲೇಬೇಕು. ಕಡ್ಡಾಯದ ವಿವರಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇರಬೇಕು, ಕನ್ನಡವನ್ನು ಜೊತೆಗೆ ಸೇರಿಸಿಕೊಳ್ಳಬಹುದು. ಎಲ್ಲ ಕನ್ನಡದಲ್ಲೇ ಇರಲಿ ಅಂತ ನನಗೆ ಆಸೆ ಇತ್ತು, ಆಗಲಿಲ್ಲ. ಬೆಲೆ, ಬ್ಯಾಚು, ತಾರೀಕು ಈ ಮೂರಕ್ಕೆ ಡಿಸೈನರ್ ಒಂದು ಖಾಲಿ ಬಿಳಿ ಪಟ್ಟಿ ಬಿಟ್ಟಳು. ಅಚ್ಚು ಹಾಕಿಸಬೇಡಿ, ನೀವೇ ಮುದ್ರೆ ಒತ್ತಿಕೊಳ್ಳಿ ಅಂದಳು. 2025ರ ಸೆಪ್ಟೆಂಬರ್ 22ರಿಂದ ಪ್ಯಾಕ್ ಮಾಡಿದ ಕುರುಕು ತಿಂಡಿಗಳ ಜಿಎಸ್‌ಟಿ 12%ನಿಂದ 5%ಗೆ ಇಳಿಯಿತು. ಎಂಆರ್‌ಪಿ ಬದಲಾಯಿಸಬೇಕಾಯಿತು. ಗೋಡೌನ್‌ನಲ್ಲಿದ್ದ ಖಾಲಿ ಪೌಚುಗಳಲ್ಲಿ ಒಂದನ್ನೂ ಎಸೆಯಲಿಲ್ಲ. ಹೊಸ ಬೆಲೆಯ ಮುದ್ರೆ ಒತ್ತಿದೆವು, ಅಷ್ಟೇ.

ಕಾಗದಪತ್ರದ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಆದರೆ ದಯವಿಟ್ಟು ಬಿಡದೆ ಓದಿ. ದುಡ್ಡು ಕೊಟ್ಟು ಬರೆಸಿದ ಮಾತ್ರಕ್ಕೆ ಲೋಗೋದ ಹಕ್ಕು ತಾನಾಗಿಯೇ ನಮ್ಮದಾಗುವುದಿಲ್ಲ. ಕಾಪಿರೈಟ್ ಕಾಯಿದೆ ಪ್ರಕಾರ ಬರವಣಿಗೆಯಲ್ಲಿ ಹಕ್ಕು ವರ್ಗಾವಣೆ ಆಗಬೇಕು. ಎಷ್ಟು ಕಾಲಕ್ಕೆ ಅಂತ ಬರೆಯದಿದ್ದರೆ ಅದನ್ನು 5 ವರ್ಷ ಅಂತ ಲೆಕ್ಕ ಹಿಡಿಯುತ್ತಾರೆ. ಸ್ಟುಡಿಯೋ ಕೊಟ್ಟ ಒಪ್ಪಂದದಲ್ಲಿ ಈ ಮಾತೇ ಇರಲಿಲ್ಲ. ನಮ್ಮ ಆಡಿಟರ್ ಕಣ್ಣಿಗೆ ಬಿದ್ದು, ಪೂರ್ತಿ ಅವಧಿಗೆ ಅಂತ ಸೇರಿಸಿದೆವು. ಸ್ಟುಡಿಯೋದವರು ತಕರಾರಿಲ್ಲದೆ ಸಹಿ ಹಾಕಿದರು, ಅದನ್ನೂ ಹೇಳಬೇಕು. ಟ್ರೇಡ್‌ಮಾರ್ಕ್ ಅರ್ಜಿ ನಾವೇ ಹಾಕಿದ್ದು. ಸಣ್ಣ ಉದ್ಯಮಕ್ಕೆ ಆನ್‌ಲೈನ್‌ನಲ್ಲಿ ಒಂದು ಕ್ಲಾಸಿಗೆ, ಅಂದರೆ ಸರಕಿನ ಒಂದು ವರ್ಗಕ್ಕೆ, 4,500 ರೂಪಾಯಿ. ಮಸಾಲೆ ಪುಡಿ ಬರುವುದು 30ನೇ ಕ್ಲಾಸಿನಲ್ಲಿ. ನೋಂದಣಿ ಆಗುವವರೆಗೆ ಟಿಎಂ ಅಂತ ಹಾಕಬಹುದು. ಅದಕ್ಕೆ ಮುಂಚೆಯೇ ವೃತ್ತದೊಳಗಿನ ಆರ್ ಗುರುತು ಹಾಕಿದರೆ ಅದು ಕಾನೂನಿಗೆ ವಿರುದ್ಧ. ಇದನ್ನು ಲೆಕ್ಕಿಸದ ಪ್ಯಾಕೆಟ್‌ಗಳನ್ನು ನೋಡುತ್ತಲೇ ಇರುತ್ತೇನೆ.

ಬ್ರ್ಯಾಂಡ್ ಗೈಡ್ ಅಂತ ಒಂದು ದಪ್ಪ ಪಿಡಿಎಫ್ ಕೊಟ್ಟಿದ್ದರು. ಪೂರ್ತಿ ಇಂಗ್ಲಿಷ್. ಪ್ಯಾಕಿಂಗ್ ಮಾಡುವ ನಮ್ಮ ಹುಡುಗರಿಗೆ ಅದು ಯಾವ ಉಪಯೋಗಕ್ಕೂ ಬರಲಿಲ್ಲ. ಕೇಳಿಕೊಂಡ ಮೇಲೆ ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟರು: ಯಾವ ಪೌಚಿಗೆ ಯಾವ ಲೇಬಲ್, ಅಂಚಿನಿಂದ ಎಷ್ಟು ಜಾಗ ಬಿಟ್ಟು ಅಂಟಿಸಬೇಕು, ಹಳದಿಯ ಶಾಯಿ ನಂಬರ್ ಎಷ್ಟು. ಆ ಹಾಳೆ ಪ್ಯಾಕಿಂಗ್ ಮೇಜಿನ ಮೇಲೆ ಗೋಡೆಯಲ್ಲಿದೆ, ದಿನಾ ಬಳಕೆಯಾಗುತ್ತದೆ. ಇನ್‌ಸ್ಟಾಗ್ರಾಂ ಟೆಂಪ್ಲೇಟುಗಳೂ ಬಂದಿದ್ದವು. ಅವಕ್ಕೆ ಕೊಟ್ಟ ದುಡ್ಡು ದಂಡ.

2025ರಲ್ಲಿ ಮತ್ತೆ ಅವರ ಹತ್ತಿರ ಹೋಗಿದ್ದಕ್ಕೆ ಕಾರಣ ಫೋನು. ಸುತ್ತಮುತ್ತ ಅಪಾರ್ಟ್‌ಮೆಂಟ್‌ಗಳು ಎದ್ದವು, ಆರ್ಡರ್ ಜಾಸ್ತಿ ವಾಟ್ಸಾಪ್‌ನಲ್ಲಿ ಬರತೊಡಗಿತು. ಅಲ್ಲಿನ ಪ್ರೊಫೈಲ್ ಚಿತ್ರದ ಪುಟ್ಟ ವೃತ್ತದಲ್ಲಿ ನಮ್ಮ ಉದ್ದನೆ ಹೆಸರು ಇರುವೆ ಸಾಲಿನ ಹಾಗೆ ಕಾಣುತ್ತಿತ್ತು. ಅಷ್ಟರಲ್ಲಿ ಹಳೆ ಡಿಸೈನರ್ ಕೆಲಸ ಬಿಟ್ಟಿದ್ದಳು. ಹೊಸಬರು ಎಲ್ಲವನ್ನೂ ಮೊದಲಿನಿಂದ ಕೇಳಿದರು, ಉತ್ತರ ಬರೋದೂ ತಡ. 'ಶ್ರೀ' ಒಂದನ್ನೇ ಗುರುತಾಗಿ ಇಟ್ಟುಕೊಳ್ಳಿ ಅಂದರು. ಬೆಂಗಳೂರಲ್ಲಿ 'ಶ್ರೀ' ಇಲ್ಲದ ಬೀದಿ ಯಾವುದಿದೆ? ನಾನು ಒಪ್ಪಲಿಲ್ಲ. ಕೊನೆಗೆ ಅಮ್ಮನ ಹಿತ್ತಾಳೆ ಚಕ್ಕುಲಿ ಒರಳು ತಂದು ಮೇಜಿನ ಮೇಲಿಟ್ಟೆ. ಅದರ ತಳದ ಬಿಲ್ಲೆ ದುಂಡಗಿದೆ, ನಡುವೆ ನಕ್ಷತ್ರದ ತೂತು. ಅದನ್ನೇ ಹಳದಿ ವೃತ್ತದಲ್ಲಿ ಕಂದು ನಕ್ಷತ್ರವಾಗಿ ಬರೆದರು. ಉಗುರಿನಷ್ಟು ಚಿಕ್ಕದಾದರೂ ಕಾಣುತ್ತದೆ, ಅಡುಗೆಮನೆ ಗೊತ್ತಿದ್ದವರಿಗೆ ತಕ್ಷಣ ಹೊಳೆಯುತ್ತದೆ. ಹೆಸರಿನ ಅಕ್ಷರ ಮುಟ್ಟಲಿಲ್ಲ, ಹಳದಿ ಬದಲಾಗಲಿಲ್ಲ. ಪೌಚು ಕ್ರಾಫ್ಟ್‌ನಿಂದ ಬಿಳಿಗೆ ಬಂತು.

ಇದರಿಂದ ವ್ಯಾಪಾರ ಎಷ್ಟು ಏರಿತು ಅಂತ ಕೇಳುವವರಿಗೆ ಲೆಕ್ಕ ಕೊಡಲಾರೆ. ಅಪಾರ್ಟ್‌ಮೆಂಟ್‌ನವರು ಬಂದದ್ದೂ ಅದೇ ಸಮಯದಲ್ಲಿ. ನನ್ನ ಕಣ್ಣಿಗೆ ಕಾಣುವುದು ಇಷ್ಟು: ನಮ್ಮ ಪುಡಿ ಇಟ್ಟು ಮಾರುವ ಬೇರೆ ಅಂಗಡಿಗಳವರು ಈಗ ಅದನ್ನು ಮುಂದಿನ ಸಾಲಿಗೆ ತಂದಿದ್ದಾರೆ. ಎಳ್ಳು ಬೆಲ್ಲದ ಡಬ್ಬಿಯ ಲೇಬಲ್ಲನ್ನು ತಮ್ಮ ಅವರ ಫೈಲ್ ತೆರೆದು ತಾನೇ ಮಾಡಿದ, ಸ್ಟುಡಿಯೋಗೆ ಫೋನ್ ಕೂಡ ಮಾಡಲಿಲ್ಲ. ನಾನು ಐದಕ್ಕೆ ನಾಲ್ಕು ಕೊಡುವುದು ಇದಕ್ಕೇ.

ಮುಂದೆ ಮದುವೆ, ಗೃಹಪ್ರವೇಶಕ್ಕೆ ಕೊಡುವ ಉಡುಗೊರೆ ಡಬ್ಬಿ ಮಾಡಿಸುವುದಿದೆ. ಅದನ್ನೂ ಇವರಿಗೇ ಕೊಟ್ಟಿದ್ದೇವೆ. ಈ ಸಲ ಅವರ ಕಡೆಯವರು ಒಬ್ಬರು ಪ್ರಿಂಟರ್ ಹತ್ತಿರ ಬಂದು, ಮೊದಲ ಹಾಳೆ ನೋಡಿ ಸಹಿ ಹಾಕಬೇಕು, ಆಮೇಲೆಯೇ ಕೊನೆ ಕಂತು ಅಂತ ಒಪ್ಪಂದದಲ್ಲಿ ಬರೆಸಿದ್ದೇವೆ.