ಹಂತಕ ತಿಗಣೆ ನೋಡಲು ಕೊಂಡ ಸೂಕ್ಷ್ಮದರ್ಶಕ: ಎಂಟು ತಿಂಗಳ ಬಳಕೆಯ ನಂತರ

ಅಂಬಾಲಾದಲ್ಲಿ ತಯಾರಾದ, 7ರಿಂದ 45 ಪಟ್ಟು ಹಿಗ್ಗಿಸಿ ತೋರಿಸುವ ಸ್ಟೀರಿಯೋ ಜೂಮ್ ಸೂಕ್ಷ್ಮದರ್ಶಕವೊಂದು ಎಂಟು ತಿಂಗಳಿಂದ ನಮ್ಮ ಊಟದ ಮೇಜಿನ ಅರ್ಧ ಭಾಗವನ್ನು ಹಿಡಿದು ಕುಳಿತಿದೆ. ಕೊಟ್ಟ ಬೆಲೆ 31,500 ರೂಪಾಯಿ. "ತಿಗಣೆ ಓಡಿಸುವುದಕ್ಕೆ ಜನ ದುಡ್ಡು ಖರ್ಚು ಮಾಡುತ್ತಾರೆ, ನೀನು ನೋಡುವುದಕ್ಕೆ ಮಾಡಿದೆಯಲ್ಲ" ಎಂದು ಅತ್ತೆ ಮೊದಲ ದಿನವೇ ಹೇಳಿದರು. ಅವರ ಮಾತಿಗೆ ಆಗ ಉತ್ತರ ಹೊಳೆಯಲಿಲ್ಲ.

ನಾನು ಸಾಗರದ ಕಡೆಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಹೋದ ವರ್ಷ ಅಡಿಕೆ ತೋಟದ ಪಾಗಾರದ ಕಲ್ಲೊಂದನ್ನು ಸರಿಸಿದಾಗ ಸತ್ತ ಇರುವೆಗಳ ಪುಟ್ಟ ಗುಡ್ಡೆಯೊಂದು ಎದ್ದು ನಡೆಯತೊಡಗಿತು. ಅಕಾಂತಾಸ್ಪಿಸ್ ಕುಲದ ಹಂತಕ ತಿಗಣೆಯ, ಅಂದರೆ ಬೇರೆ ಕೀಟಗಳನ್ನು ಬೇಟೆಯಾಡುವ ತಿಗಣೆಯ, ಮರಿ ಅದು. ಇರುವೆಯನ್ನು ಹೀರಿ ಮುಗಿಸಿದ ಮೇಲೆ ಆ ಪೊಳ್ಳು ದೇಹವನ್ನು ಬೆನ್ನಿಗೆ ಹೇರಿಕೊಳ್ಳುತ್ತದೆ. ಬಾಟಲಿಯಲ್ಲಿಟ್ಟು ಇರುವೆ ಹಾಕುತ್ತಾ ಸಾಕಿದೆ. ಕೊನೆಯ ಪೊರೆ ಕಳಚಿ ಗಂಡು ತಿಗಣೆಯಾಗಿ ಹೊರಬಂದಾಗ, ರೆಕ್ಕೆಯ ಮೇಲಿನ ಹಳದಿ ಮಚ್ಚೆ ನಾನು ಓದಿದ ಯಾವ ವಿವರಣೆಗೂ ಹೊಂದಲಿಲ್ಲ. ಇಂಗ್ಲಿಷ್ ಕೀಟಶಾಸ್ತ್ರಜ್ಞ ಡಿಸ್ಟಂಟ್ 1904ರಲ್ಲಿ ಬ್ರಿಟಿಷ್ ಇಂಡಿಯಾದ ತಿಗಣೆಗಳ ಬಗ್ಗೆ ಬರೆದ ಸಂಪುಟ ಇಂದಿಗೂ ನಮ್ಮಂಥವರು ಮೊದಲು ತೆರೆಯುವ ಪುಸ್ತಕ. ಆದರೆ ಬಣ್ಣವನ್ನು ಮಾತ್ರ ನಂಬಿ ಹೊಸ ಪ್ರಭೇದ ಎಂದರೆ ಮೋಸ ಹೋಗುತ್ತೇವೆ. ರೈನೋಕೋರಿಸ್ ಮಾರ್ಜಿನೇಟಸ್ ಎಂಬ ಹಂತಕ ತಿಗಣೆಯಲ್ಲಿ ಹೊಟ್ಟೆಯ ಅಂಚು ಕಪ್ಪಾಗಿರುವುದು, ಕೆಂಪಾಗಿರುವುದು, ಎರಡೂ ಬೆರೆತಿರುವುದು ಎಂದು ಮೂರು ಬಗೆಗಳಿವೆ. ಪ್ರಭೇದ ಮಾತ್ರ ಒಂದೇ. ಹಾಗಾಗಿ ಬಣ್ಣ ಬಿಟ್ಟು ಮೈಕಟ್ಟು ನೋಡಬೇಕು, ಅದಕ್ಕೆ ಈ ಯಂತ್ರ ಬೇಕಾಯಿತು.

ಮಸೂರಗಳ ಬಗ್ಗೆ ನನಗೆ ತಕರಾರಿಲ್ಲ. ಕೀಟದಿಂದ ಮಸೂರಕ್ಕೆ ಸುಮಾರು ಹತ್ತು ಸೆಂಟಿಮೀಟರ್ ಜಾಗ ಉಳಿಯುತ್ತದೆ, ಎರಡೂ ಕೈಯಲ್ಲಿ ಸೂಜಿ ಹಿಡಿದು ಆರಾಮವಾಗಿ ಕೆಲಸ ಮಾಡಬಹುದು. ಬಾಗಿದ ಮೂರು ಗೆಣ್ಣಿನ ಕೊಕ್ಕು, ಎದೆಯ ಬೆನ್ನುಭಾಗದ ಕೆತ್ತನೆ, ಕಾಲಿನ ತುದಿಗೆ ಸಮೀಪದ ಸ್ಪಂಜಿನಂಥ ಮೆತ್ತೆ, ಎಲ್ಲವೂ ಆಳದ ಸಮೇತ ಕಾಣುತ್ತವೆ. ಮುಂಗಾಲುಗಳ ನಡುವೆ ಎದೆಯ ಅಡಿಯಲ್ಲಿ ಒಂದು ಸಣ್ಣ ಕಾಲುವೆಯಿದೆ. ತಿಗಣೆ ಸಿಟ್ಟು ಬಂದಾಗ ಕೊಕ್ಕಿನ ತುದಿಯನ್ನು ಅದರಲ್ಲಿ ಉಜ್ಜಿ ಕಿರಗುಡುತ್ತದೆ. 45 ಪಟ್ಟಿನಲ್ಲಿ ಕಾಲುವೆ ಸ್ಪಷ್ಟ. ಅದರೊಳಗಿನ ಅಡ್ಡಗೆರೆಗಳು ಇವೆ ಎಂಬ ಗುಮಾನಿಯಷ್ಟೇ ಬರುತ್ತದೆ, ಎಣಿಸಲಾಗದು.

ಕೆಟ್ಟದ್ದು ದೀಪ. ಮೇಲಿನ ಎಲ್‌ಇಡಿ ಬೆಳಕು ನೇರವಾಗಿ ಬಿದ್ದು ತಿಗಣೆಯ ಹೊಳೆಯುವ ಕಪ್ಪು ಮೈ ಮೇಲೆ ಬಿಳಿ ಕಲೆಗಳನ್ನು ಎಬ್ಬಿಸುತ್ತದೆ. ಮೊದಲ ವಾರ ನಾನು ಆ ಕಲೆಗಳಲ್ಲಿ ಎರಡನ್ನು ಉಬ್ಬುಗಳೆಂದು ಟಿಪ್ಪಣಿ ಪುಸ್ತಕದಲ್ಲಿ ಬರೆದೇ ಬಿಟ್ಟಿದ್ದೆ! ಕೊನೆಗೆ ಚಕ್ಕುಲಿ ಒತ್ತಲು ತಂದ ಬೆಣ್ಣೆಕಾಗದವನ್ನು ಕೊಳವೆಯಂತೆ ಸುತ್ತಿ ಕೀಟದ ಸುತ್ತ ನಿಲ್ಲಿಸಿದೆ. ಉಬ್ಬುಗಳು ಮಾಯವಾದವು. ಮೂವತ್ತು ಸಾವಿರ ತೆಗೆದುಕೊಂಡವರು ಎರಡು ರೂಪಾಯಿಯ ಕಾಗದದ ಕೆಲಸವನ್ನು ಗಿರಾಕಿಗೆ ಬಿಡಬಾರದಿತ್ತು.

ಅಳತೆ ಮಾಡುವವರಿಗೆ ಇನ್ನೊಂದು ಮಾತು. ಕಣ್ಣುಮಸೂರದೊಳಗಿನ ಅಳತೆಪಟ್ಟಿಗೆ ಬೇರೆಯಾಗಿ ದುಡ್ಡು ಕೊಡಬೇಕು. ಜೂಮ್ ತಿರುಗಿಸಿದಂತೆಲ್ಲ ಆ ಪಟ್ಟಿಯ ಒಂದು ಗೆರೆ ಸೂಚಿಸುವ ಉದ್ದವೂ ಬದಲಾಗುತ್ತದೆ. ಈ ಜೂಮ್ ಗುಂಡಿಗೆ ತಡೆದು ನಿಲ್ಲುವ ಹಲ್ಲುಗಳಿಲ್ಲ. ಮೀಸೆಯ ನಾಲ್ಕು ಗೆಣ್ಣುಗಳ ಉದ್ದ ಬರೆದು ಮುಗಿಸುವಷ್ಟರಲ್ಲಿ ಗುಂಡಿ ಕೂದಲೆಳೆಯಷ್ಟು ಸರಿದಿರುತ್ತದೆ. ನಾನು ಉಗುರುಬಣ್ಣದಲ್ಲಿ ಗುರುತು ಹಾಕಿಕೊಂಡಿದ್ದೇನೆ.

ಹೊಸ ಪ್ರಭೇದದ ವಿಷಯ ಕೊನೆಗೆ ಬಂದು ನಿಲ್ಲುವುದು ಗಂಡಿನ ಜನನಾಂಗದ ಮೇಲೆ. ಹೊಟ್ಟೆಯ ತುದಿಯನ್ನು ಬಿಡಿಸಿ, ಶೇಕಡಾ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ರಾತ್ರಿಯಿಡೀ ನೆನೆಸಿ, ಮೆತ್ತಗಾದ ಮೇಲೆ ಗ್ಲಿಸರಿನ್ ಹನಿಯಲ್ಲಿಟ್ಟು ಒಳಗಿನ ಕೊಕ್ಕೆಗಳನ್ನು ಬೇರ್ಪಡಿಸಬೇಕು. ಬೇರ್ಪಡಿಸುವ ಕೆಲಸಕ್ಕೆ ಈ ಯಂತ್ರ ಹೇಳಿ ಮಾಡಿಸಿದಂತಿದೆ. ಚಿತ್ರ ಬರೆಯುವ ಕೆಲಸಕ್ಕೆ ಸಾಲದು. ಅದಕ್ಕೆ, ಇನ್ನೂ ಹೆಚ್ಚು ಹಿಗ್ಗಿಸಿ ತೋರಿಸುವ ಕಾಲೇಜಿನ ಹಳೆಯ ಕಾಂಪೌಂಡ್ ಸೂಕ್ಷ್ಮದರ್ಶಕಕ್ಕೇ ಮರಳಿದೆ. ಜಾಹೀರಾತಿನಲ್ಲಿ "ಸಂಶೋಧನೆಗೆ ಪರಿಪೂರ್ಣ" ಎಂದು ಬರೆದವರು ತಿಗಣೆಯನ್ನು ಬಿಡಿಸಿ ನೋಡಿದವರಲ್ಲ.

ಕಣ್ಣಿಡುವ ಎರಡು ಕೊಳವೆಗಳ ಜೊತೆಗಿರುವ ಮೂರನೆಯ ಕೊಳವೆಗೆ ಮೊಬೈಲ್ ಸಿಕ್ಕಿಸಿ ಫೋಟೋ ತೆಗೆಯಬಹುದು. ಹೆಚ್ಚು ಹಿಗ್ಗಿಸಿದಾಗ ಕಣ್ಣು ಸ್ಪಷ್ಟವಾದರೆ ಕೊಕ್ಕು ಮಸುಕು. ಹಾಗಾಗಿ ನಲವತ್ತು ಚಿತ್ರ ತೆಗೆದು ಉಚಿತ ತಂತ್ರಾಂಶದಲ್ಲಿ ಜೋಡಿಸುತ್ತೇನೆ. ಕೆಲಸ ಬೇಸರದ್ದು, ಫಲಿತಾಂಶ ಚೆನ್ನಾಗಿದೆ.

ಮಾರಿದ ಅಂಗಡಿಯ ಸೇವೆ ಸಾಧಾರಣ. ಪೆಟ್ಟಿಗೆಯಲ್ಲಿ ಒಂದು ಕಣ್ಣುರಬ್ಬರ್ ಇರಲಿಲ್ಲ. ಆರು ಸಲ ಫೋನ್ ಮಾಡಿದ ಮೇಲೆ ಹತ್ತೊಂಬತ್ತನೆಯ ದಿನ ಬಂತು, ಅದೂ ಬೇರೆ ಅಳತೆಯದು. ಅವರು ಕೊಟ್ಟ ಪ್ಲಾಸ್ಟಿಕ್ ಹೊದಿಕೆ ಮಲೆನಾಡಿನ ಮಳೆಗಾಲಕ್ಕೆ ನಿಷ್ಪ್ರಯೋಜಕ. ಮಸೂರಕ್ಕೆ ಬೂಸಲು ಹಿಡಿಯಬಾರದೆಂದು ಅಕ್ಕಿ ತುಂಬುವ ದೊಡ್ಡ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡುತ್ತೇನೆ. ಅತ್ತೆಗೆ ಈ ಡಬ್ಬಿಯ ಮೇಲೂ ತಕರಾರಿದೆ.

ಮಕ್ಕಳಿಗೆ ಕೀಟ ತೋರಿಸಲು ಬೇಕಾದರೆ ಇಷ್ಟು ದೊಡ್ಡದನ್ನು ಕೊಳ್ಳಬೇಡಿ, ಹತ್ತು ಪಟ್ಟಿನ ಕೈಮಸೂರ ಸಾಕು. ಕೀಟ ಬಿಡಿಸಿ ಅಳೆಯುವವರು ಕೊಳ್ಳಬಹುದು, ಬೆಣ್ಣೆಕಾಗದದ ಸಮೇತ. ಐದರಲ್ಲಿ ಮೂರೂವರೆ ಕೊಡುತ್ತೇನೆ.

ನನ್ನ ತಿಗಣೆಯ ಕಥೆ ಕೇಳುವವರಿಗೆ: ಚಿತ್ರಗಳನ್ನು ಬಲ್ಲವರೊಬ್ಬರಿಗೆ ಕಳುಹಿಸಿದೆ. ಕೊಕ್ಕೆಯ ಆಕಾರ ಕುತೂಹಲದ್ದೇ, ಆದರೆ ಒಂದೇ ಗಂಡಿನಿಂದ ಅವಸರ ಬೇಡ, ಇನ್ನಷ್ಟು ಹುಡುಕಿ ಎಂದರು. ಹೊಸದೆಂದು ಖಚಿತವಾದರೆ 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಅದನ್ನು ಗೊತ್ತುಪಡಿಸಿದ ಸಂಗ್ರಹಾಲಯಕ್ಕೆ ತಿಳಿಸಿ ಮಾದರಿಯನ್ನು ಅಲ್ಲೇ ಒಪ್ಪಿಸಬೇಕು, ನನ್ನ ಕಪಾಟಿನಲ್ಲಿ ಇಟ್ಟುಕೊಳ್ಳುವಂತಿಲ್ಲ. ಸದ್ಯ ಅದೇ ಪಾಗಾರದಿಂದ ತಂದ ಎರಡು ಮರಿಗಳು ಬಾಟಲಿಯಲ್ಲಿ ಇರುವೆ ಹೊತ್ತು ತಿರುಗುತ್ತಿವೆ. ಗಂಡೋ ಹೆಣ್ಣೋ ಇನ್ನೂ ಗೊತ್ತಾಗಿಲ್ಲ. ಇರುವೆ ಹಿಡಿದು ಹಾಕುವವರು ಈಗ ಅತ್ತೆ.