ಕನ್ನಡ ಎಸ್ಸೆಮ್ಮೆಸ್ ತುಂಡು ಮಾಡಲು ಪೈಥಾನ್ ಸ್ಲೈಸಿಂಗ್: ಕೆಲಸ ಚುರುಕು, ಒತ್ತಕ್ಷರಕ್ಕೆ ಕುತ್ತು

ಕಾಸರಗೋಡಿನ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಶಾಲೆ, ವಾಚನಾಲಯ, ಯಕ್ಷಗಾನ ಸಂಘಗಳ ನೋಟೀಸು ಕನ್ನಡದಲ್ಲೂ ಹೋಗಬೇಕು, ಮಲಯಾಳದಲ್ಲೂ ಹೋಗಬೇಕು. ಉದ್ದದ ನೋಟೀಸನ್ನು ಎಸ್ಸೆಮ್ಮೆಸ್ ಅಳತೆಗೆ ತುಂಡರಿಸಲು ಮೊದಲು ನೆನಪಾಗುವುದು ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಸ್ಲೈಸಿಂಗ್, ಅಂದರೆ ಇಂತಲ್ಲಿಂದ ಇಂತಲ್ಲಿಯವರೆಗೆ ಎಂದು ಪಠ್ಯದ ತುಂಡು ತೆಗೆಯುವುದು. ಪುಕ್ಕಟೆ, ಬೇರೇನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಎರಡೇ ಸಾಲು. ಇಂಗ್ಲಿಷಿಗೆ ಇಷ್ಟು ಸಾಕು. ಕನ್ನಡಕ್ಕೆ ಹಾಗೇ ಬಳಸುವುದು ಬೇಡ.

ಒಂದು ಎಸ್ಸೆಮ್ಮೆಸ್ಸಿಗೆ 140 ಬೈಟ್. ಕನ್ನಡದಲ್ಲಾದರೆ 70 ಕೋಡ್‌ಪಾಯಿಂಟ್ (ವ್ಯಂಜನ, ಕಾಗುಣಿತ, ಸೊನ್ನೆ ಹೀಗೆ ಕಂಪ್ಯೂಟರ್ ಬಿಡಿಯಾಗಿ ಎಣಿಸುವ ಒಂದೊಂದು ಚಿಹ್ನೆ). ಫೋನೇ ಜೋಡಿಸಿ ತೋರಿಸುವ ಉದ್ದ ಸಂದೇಶದಲ್ಲಿ ಜೋಡಣೆಯ ಗುರುತಿಗೆ 6 ಬೈಟ್ ಹೋಗಿ 67 ಉಳಿಯುತ್ತದೆ. ಅಲ್ಲಿ ಎಲ್ಲಿ ಕತ್ತರಿಸಿದರೂ ಮತ್ತೆ ಒಂದಾಗುವುದರಿಂದ ತಲೆಬಿಸಿ ಇಲ್ಲ. ಬಿಡಿಬಿಡಿಯಾಗಿ ಕಳಿಸುವುದಾದರೆ "1/3" ಮತ್ತು ಒಂದು ಸ್ಪೇಸಿಗೆ 4 ಕಳೆದು 66 ಇಟ್ಟುಕೊಳ್ಳಿ.

ಫಾರ್ ಲೂಪಿನ ರೇಂಜ್‌ಗೆ 0, ಪಠ್ಯದ ಉದ್ದ, 66 ಕೊಟ್ಟು, ಪ್ರತಿ ಸಲ ತುಂಡು ಶುರುವಾಗುವ ಜಾಗವಾದ ಐ ಇಂದ ಐ+66ರವರೆಗೆ ಸ್ಲೈಸ್ ತೆಗೆಯುವುದು ವಾಡಿಕೆ. ಕೊನೆಯ ತುಂಡು ಗಿಡ್ಡವಾದರೂ ಎರರ್ ಬರುವುದಿಲ್ಲ. ತಕರಾರು ಇರುವುದು ಎಣಿಕೆಯಲ್ಲಿ. "ಮಂಜೇಶ್ವರ" ನಮಗೆ ನಾಲ್ಕಕ್ಷರ, ಪೈಥಾನಿಗೆ 8. ಗಡಿ ಮೂರರ ಮೇಲೆ ಬಿದ್ದರೆ ಒಂದು ಮೆಸೇಜು "ಮಂಜ" ಎಂದು ನಿಂತು, ಮುಂದಿನದರ ತಲೆಯಲ್ಲಿ, ಒಂಟಿಯಾದ ಕಾಗುಣಿತದ ಜೊತೆ, ಚುಕ್ಕಿ ವೃತ್ತ ಕೂರುತ್ತದೆ. ಆರರ ಮೇಲೆ ಬಿದ್ದರೆ "ಮಂಜೇಶ್", "ವರ". ವೃತ್ತವೂ ಇಲ್ಲ, ಎರರೂ ಇಲ್ಲ. ಟೆಸ್ಟ್ ಮಾಡುವವರ ಕಣ್ತಪ್ಪಿಸುವುದು ಇದೇ.

ಪರಿಹಾರ ಕಷ್ಟದ್ದಲ್ಲ. ಮೊದಲು ಪಠ್ಯವನ್ನು ಎನ್‌ಎಫ್‌ಸಿಗೆ (ಬಿಡಿ ಚಿಹ್ನೆಗಳನ್ನು ಕೂಡಿಸಿದ ಯುನಿಕೋಡ್ ರೂಪಕ್ಕೆ) ತನ್ನಿ. ಇಲ್ಲದಿದ್ದರೆ "ಗೋ"ದ ಓತ್ವವೊಂದೇ 3 ಕೋಡ್‌ಪಾಯಿಂಟ್ ತಿನ್ನಬಹುದು. ಆಮೇಲೆ ಫಾರ್ ಬದಲು ವೈಲ್ ಲೂಪ್ ಹಾಕಿ. ಗಡಿಯಾಚೆಯ ಮೊದಲ ಚಿಹ್ನೆ ಪೈಥಾನಿನ ಯುನಿಕೋಡ್‌ಡೇಟಾ ಮಾಡ್ಯೂಲ್ ಪ್ರಕಾರ ಎಂ ವರ್ಗದ್ದಾಗಿದ್ದರೆ (ಕಾಗುಣಿತ, ಸೊನ್ನೆ, ವಿಸರ್ಗ, ಮತ್ತು ವಿರಾಮ ಅಂದರೆ ಅರ್ಧಾಕ್ಷರದ ಚಿಹ್ನೆ), ಇಲ್ಲವೇ ಗಡಿಯ ಹಿಂದೆ ವಿರಾಮವಿದ್ದರೆ, ಒಂದೊಂದೇ ಹಿಂದೆ ಸರಿಯಿರಿ. "ರ‍್ಯಾಲಿ"ಯಂಥ ಪದದಲ್ಲಿ ಅಡಗಿರುವ, ಕಣ್ಣಿಗೆ ಕಾಣದ ಜೋಡಣೆ ಚಿಹ್ನೆ ಝಡ್‌ಡಬ್ಲ್ಯುಜೆ ಎಂ ವರ್ಗಕ್ಕೆ ಸೇರುವುದಿಲ್ಲ, ಅದನ್ನು ಪ್ರತ್ಯೇಕ ಸೇರಿಸಬೇಕು. ಮುಂದಿನ ತುಂಡು ಸರಿದು ನಿಂತಲ್ಲಿಂದಲೇ ಶುರುವಾಗಲಿ, ಐ+66ರಿಂದಲ್ಲ. ತಪ್ಪಿದರೆ ನಡುವಿನ ಅಕ್ಷರ ಮಾಯ.

ಪಠ್ಯವನ್ನು ಅಕ್ಷರ ಅಕ್ಷರವಾಗಿ ಬಿಡಿಸಿಕೊಡುವ ಸಿದ್ಧ ಗ್ರಾಫೀಮ್ ಲೈಬ್ರರಿ ಸಾಲದೇ ಎಂದರೆ, ಸಾಲದು. ಒತ್ತಕ್ಷರ ಒಡೆಯಬಾರದೆಂಬ ನಿಯಮ 2023ರ ಯುನಿಕೋಡ್ 15.1ರಲ್ಲಿ ಬಂದಾಗ ಮಲಯಾಳ, ತೆಲುಗು ಸೇರಿದವು, ಕನ್ನಡ ಸೇರಲಿಲ್ಲ. ಕಾಸರಗೋಡಿನವರಿಗೆ ಇದೇನು ಹೊಸತಲ್ಲ ಬಿಡಿ! ಆ ಆವೃತ್ತಿ ನೆಚ್ಚಿದರೆ ಒಂದೇ ಕೋಡಿನಲ್ಲಿ ಮಲಯಾಳ ನೋಟೀಸು ನೆಟ್ಟಗೆ ಹೋಗಿ, ಕನ್ನಡದ್ದು ಒಡೆಯುತ್ತದೆ.

ನೋಟೀಸಿಗೆ ಸ್ಲೈಸಿಂಗಿಗಿಂತ ಪೈಥಾನಿನದ್ದೇ ಟೆಕ್ಸ್ಟ್‌ವ್ರ್ಯಾಪ್ ವಾಸಿ: ಸ್ಪೇಸ್ ನೋಡಿ ಕತ್ತರಿಸುವುದರಿಂದ ಪದ ಉಳಿಯುತ್ತದೆ. ಆದರೆ ಸಾಲು ಮುರಿದದ್ದನ್ನೆಲ್ಲ ಸ್ಪೇಸ್ ಮಾಡಿಬಿಡುತ್ತದೆ. ದಿನಾಂಕ, ಸ್ಥಳ ಬೇರೆ ಬೇರೆ ಸಾಲಿನಲ್ಲಿ ಬೇಕಿದ್ದರೆ ಸಾಲಿಗೊಮ್ಮೆ ಓಡಿಸಿ. 66 ಮೀರಿದ ಲಿಂಕನ್ನು ಮಾತ್ರ ಅದೂ ನಡುವೆ ತುಂಡರಿಸುತ್ತದೆ. ಇನ್ನು ಕೊನೆಗೆ ಕೈಮುಗಿಯುವ ಇಮೋಜಿ ಹಾಕುವವರು ಅದಕ್ಕೆ ಎಸ್ಸೆಮ್ಮೆಸ್ಸಿನಲ್ಲಿ 2 ಲೆಕ್ಕ ಹಿಡಿಯಿರಿ. ಪೈಥಾನ್ ಎಣಿಸುವುದು 1.